ಪೋಲಿಷ್ ಪಿಟೀಲು ಕೃತಿಗಳಲ್ಲಿ ಪಿಯಾನೋವಿನ ಸ್ಥಾನ

ಲುಬ್ಲಿನ್ ನಗರದಲ್ಲಿ 1835ರಲ್ಲಿ ಜನಿಸಿದ ಹೆನ್ರಿಕ್ ವೀನ್ಯಾವ್ಸ್ಕಿಯು ಸ್ವತಃ ಪಿಟೀಲಿನ ಮಹಾವಿದ್ವಾಂಸನಾಗಿದ್ದನು. ಆದುದರಿಂದ ಆತನ ಕೃತಿಗಳಲ್ಲಿ ಪಿಯಾನೋವಿಗೆ ಪ್ರಾಯಶಃ ಪಕ್ಕವಾದ್ಯದ ಪದವಿಯೇ ಹೊರತು ಬೇರಿಲ್ಲ. ಈ ತಾರತಮ್ಯವನ್ನು ಅಳಿಸಿದ ಕೀರ್ತಿಯು, ನಮ್ಮ ಮತದಲ್ಲಿ, ಕರೋಲ್ ಶಿಮನೋವ್ಸ್ಕಿಗೆ ಸಲ್ಲತಕ್ಕುದು. ಪಿಟೀಲುವಾದಕ ಪಾವೆಲ್ ಕೊಹಾನ್ಸ್ಕಿಯ ನೆರವಿನಿಂದ 1915ರಲ್ಲಿ ಆತನು ರಚಿಸಿದ 'ಪುರಾಣಕಥೆಗಳು' ಗ್ರೀಕರ ಐತಿಹ್ಯವನ್ನು ಆಶ್ರಯಿಸಿದ ಮೂರು ಖಂಡಗಳ ಕೃತಿ. 'ಅರೆಥೂಸೆಯ ಚಿಲುಮೆ' ಎಂಬ ಮೊದಲ ಖಂಡದಲ್ಲಿ ನೀರಿನ ತುಳುಕನ್ನು ಮೊದಲು ಕೇಳಿಸುವುದು ಪಿಯಾನೋ. ಪಿಟೀಲು ಅದರ ಮೇಲೆ ತೇಲಿಬರುತ್ತದೆ. ಕಡೆಯ ಖಂಡದಲ್ಲಾದರೋ ಪಿಟೀಲು ಅರ್ಧಸ್ವರಕ್ಕಿಂತಲೂ ಕಿರಿದಾದ ಅಂತರದಲ್ಲಿ ಮರ್ಮರಿಸುತ್ತದೆ. ಸ್ವರಸ್ಥಾನಗಳು ನಿಯತವಾಗಿರುವ ಪಿಯಾನೋವಿಗೆ ಇದು ಅಸಾಧ್ಯ, ಸಮಾನತೆಯೆಂದರೆ ಸಾರೂಪ್ಯವಲ್ಲವಷ್ಟೆ. ವಿಟೋಲ್ಡ್ ಲುಟೊಸ್ಲಾವ್ಸ್ಕಿಯು ಇನ್ನೂ ಮುಂದೆ ಹೋಗಿ, 1984ರ 'ಪಾರ್ಟೀಟ'ದ ಎರಡು ಕಿರುಖಂಡಗಳಲ್ಲಿ ಇಬ್ಬರು ವಾದಕರೂ ಒಂದೇ ತಾಳಕ್ಕೆ ಕಟ್ಟುಬೀಳದೆ ತಮ್ಮ ತಮ್ಮ ಕಾಲಗತಿಯಲ್ಲಿಯೇ ನುಡಿಸುವಂತೆ ವಿಧಿಸಿದನು.