ನಾಣ್ಯದ ಎರಡು ಮುಖ, ಎರಡು ಆಯುಷ್ಯ

ಸತ್ಯಮಂಗಲದ ಬಯಲಿನಿಂದ 27 ತಿರುವುಗಳನ್ನು ಏರಿ ದಿಂಬಂ ತಲುಪಿ, ಹಾಸನೂರಿನ ಮೂಲಕ ಚಾಮರಾಜನಗರದ ಕಡೆಗೆ ಸಾಗುವ ಹಾದಿಯು ಕೊಂಗುನಾಡನ್ನು ಮೈಸೂರು ಸೀಮೆಗೆ ಬೆಸೆಯುತ್ತದೆ. ಈ ಘಟ್ಟದ ಕೆಳಗಣ ನಾಡಿನಲ್ಲೂ ಮೇಲಣ ನಾಡಿನಲ್ಲೂ ರೋಮನ್ನರ ಬೆಳ್ಳಿ ನಾಣ್ಯಗಳಾದ ದಿನಾರಿಯಸ್‌ಗಳು ನೆಲದಿಂದ ದೊರೆತಿವೆ: ಕೊಯಮತ್ತೂರಿನ ಬಳಿಯ ವೆಳ್ಳಲೂರಿನಲ್ಲಿ 1842ರಲ್ಲಿ ಐನೂರಕ್ಕೂ ಹೆಚ್ಚು, ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ 163, ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಕೆಲವು. ದಕ್ಷಿಣ ಭಾರತದ ಇಂಥ ನಿಧಿಗಳಲ್ಲಿ ಆಗಸ್ಟಸ್ ಮತ್ತು ಟೈಬೀರಿಯಸ್ ಚಕ್ರವರ್ತಿಗಳ ಎರಡೇ ಮಾದರಿಗಳು ಮತ್ತೆ ಮತ್ತೆ ಕಾಣಿಸುತ್ತವೆ. ಎರಡೂ ಇಂದಿನ ಫ್ರಾನ್ಸಿನ ಲಿಯೋನ್ ನಗರದ ಟಂಕಸಾಲೆಯವೆಂದು ವಿದ್ವಾಂಸರು ಗುರುತಿಸಿದ್ದಾರೆ. ಬರಿಗಣ್ಣಿಗೆ ಒಂದೇ ಬಗೆಯಾಗಿ ಕಾಣುವ ಇಂಥ ನೂರಾರು ನಾಣ್ಯಗಳಲ್ಲಿ ಯಾವುದು ಯಾವುದರ ಒಡಹುಟ್ಟು ಎಂಬುದನ್ನು ತಿಳಿಯಬೇಕಾದರೆ ಅವುಗಳ ಅಚ್ಚನ್ನೇ ಹುಡುಕಬೇಕಾಗುತ್ತದೆ.

ಅಂದಿನ ನಾಣ್ಯಕ್ಕೆ ಎರಡು ಅಚ್ಚುಗಳು ಬೇಕಿದ್ದವು. ಸಾಮಾನ್ಯವಾಗಿ ಅರಸನ ಮುಖವಿರುವ ಅಚ್ಚನ್ನು ಅಡಿಯ ದಿಮ್ಮಿಯಲ್ಲಿ ಭದ್ರವಾಗಿ ಕೂರಿಸಿ, ಅದರ ಮೇಲೆ ಲೋಹದ ಬಿಲ್ಲೆಯನ್ನಿಟ್ಟು, ಹಿಂಬದಿಯ ಚಿತ್ರವಿರುವ ಇನ್ನೊಂದು ಅಚ್ಚನ್ನು ಕೈಯಲ್ಲಿ ಹಿಡಿದು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಸುತ್ತಿಗೆಯ ಪೆಟ್ಟು ನೇರವಾಗಿ ಬೀಳುತ್ತಿದ್ದದ್ದು ಮೇಲಿನ ಅಚ್ಚಿನ ಮೇಲಾದ್ದರಿಂದ ಅದು ಬೇಗ ಸವೆದು ಒಡೆಯುತ್ತಿತ್ತು. ಕೆಳಗಿನದು ಹೆಚ್ಚು ಕಾಲ ಬಾಳುತ್ತಿತ್ತು. ಎರಡರ ಆಯುಷ್ಯ ಸಮವಲ್ಲದಿರುವುದೇ ಈ ಅಧ್ಯಯನದ ಜೀವಾಳ.

ಅಚ್ಚುಗಳನ್ನು ಕೈಯಿಂದ ಕೊರೆಯುತ್ತಿದ್ದರಾದ್ದರಿಂದ, ಚಿತ್ರ ಒಂದೇ ಆದರೂ ಎರಡು ಅಚ್ಚುಗಳು ಎಂದೂ ತದ್ರೂಪವಾಗಿರುವುದಿಲ್ಲ. ಕಿರೀಟದ ಎಲೆಯ ತುದಿ ಯಾವ ಅಕ್ಷರದ ಕಡೆಗೆ ಚಾಚಿದೆ, ಕಿವಿಗೂ ಕೂದಲ ಸುರುಳಿಗೂ ನಡುವೆ ಎಷ್ಟು ಅಂತರವಿದೆ ಎಂಬುದನ್ನು ಸಂಶೋಧಕರು ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸುತ್ತಾರೆ. ಅಚ್ಚಿನಲ್ಲಿ ಬಿರುಕು ಬಿಟ್ಟಿದ್ದರೆ ಅದು ನಾಣ್ಯದ ಮೇಲೆ ಉಬ್ಬುಗೆರೆಯಾಗಿ ಮೂಡುತ್ತದೆ. ಗೆರೆ ಸಣ್ಣದಿರುವ ನಾಣ್ಯ ಮೊದಲಿನದು, ದೊಡ್ಡದಾಗಿರುವುದು ನಂತರದ್ದು. ಹಾಗೆಯೇ ಮುಖದ ಅಚ್ಚೊಂದು ಹಿಂಬದಿಯ ಎರಡು ಅಚ್ಚುಗಳೊಂದಿಗೆ ಜೋಡಿಯಾಗಿದ್ದು, ಆ ಎರಡರಲ್ಲೊಂದು ಮತ್ತೊಂದು ಮುಖದ ಅಚ್ಚಿನೊಂದಿಗೂ ಕಾಣಿಸಿದರೆ, ಸರಪಣಿಯ ಕೊಂಡಿಗಳಂತೆ ಆ ನಾಣ್ಯಗಳೆಲ್ಲ ಒಂದಕ್ಕೊಂದು ಬೆಸೆದುಕೊಂಡು, ಯಾವ ಬರಹದಲ್ಲೂ ಉಳಿಯದ ಟಂಕಸಾಲೆಯ ದಿನಚರಿ ತೆರೆದುಕೊಳ್ಳುತ್ತದೆ. ದೊರೆತ ಅಚ್ಚುಗಳಲ್ಲಿ ಬಹುಪಾಲು ಒಂದೊಂದೇ ನಾಣ್ಯದಲ್ಲಿ ಕಂಡರೆ, ಇನ್ನೂ ಕಾಣದ ಅಚ್ಚುಗಳು ಬಹಳ ಇವೆಯೆಂದೂ, ಅಂದರೆ ಟಂಕಿಸಿದ ಹಣದ ಮೊತ್ತ ದೊಡ್ಡದೆಂದೂ ಅಂದಾಜಿಸಬಹುದು.

ಈ ವಿಧಾನದ ಅಚ್ಚರಿಯ ಫಲ ದೊರೆತದ್ದು ರೋಮಿನ ಪ್ರಾಂತೀಯ ನಾಣ್ಯಗಳಲ್ಲಿ, ಎಂದರೆ ಸಾಮ್ರಾಜ್ಯದ ಪೂರ್ವದ ನಗರಗಳು ಬಹುಮಟ್ಟಿಗೆ ತಮ್ಮ ಸುತ್ತಲಿನ ಸಂತೆ ವ್ಯವಹಾರಕ್ಕೆಂದು ತಮ್ಮ ಹೆಸರು ಕೆತ್ತಿಸಿ ಹೊರಡಿಸುತ್ತಿದ್ದ ನಾಣ್ಯಗಳಲ್ಲಿ. ಇವುಗಳಲ್ಲಿ ಹೆಚ್ಚಿನವು ತಾಮ್ರಮಿಶ್ರ ಲೋಹದವು. ಪ್ರತಿ ನಗರಕ್ಕೂ ಸ್ವಂತ ಟಂಕಸಾಲೆ ಇತ್ತೆಂದು ಭಾವಿಸುವುದು ಸಹಜವೇ ಆಗಿತ್ತು. ಆದರೆ ಜರ್ಮನಿಯ ಕೊನ್ರಾಡ್ ಕ್ರಾಫ್ಟ್ ಅವರ, 1972ರಲ್ಲಿ ಪ್ರಕಟವಾದ ಗ್ರಂಥವು, ಏಷ್ಯಾ ಮೈನರ್‌ನ, ಎಂದರೆ ಇಂದಿನ ಟರ್ಕಿಯ, ಬೇರೆ ಬೇರೆ ನಗರಗಳ ಹೆಸರುಳ್ಳ ಹಿಂಬದಿಗಳು ಚಕ್ರವರ್ತಿಯ ಮುಖದ ಒಂದೇ ಅಚ್ಚಿನೊಂದಿಗೆ ಜೋಡಿಯಾಗಿರುವುದನ್ನು ವ್ಯಾಪಕವಾಗಿ ತೋರಿಸಿಕೊಟ್ಟಿತು. ಕೆಲವೇ ಕಾರ್ಯಾಗಾರಗಳು ಹಲವು ಊರುಗಳಿಗೆ ನಾಣ್ಯ ಒದಗಿಸುತ್ತಿದ್ದವು ಎಂಬುದು ಅವರ ತೀರ್ಮಾನ. ಊರಿಂದೂರಿಗೆ ಸಂಚರಿಸುತ್ತಿದ್ದದ್ದು ಅಚ್ಚುಗಳೋ, ಕುಶಲಕರ್ಮಿಗಳೋ, ಅಥವಾ ಸಿದ್ಧ ನಾಣ್ಯಗಳೋ ಎಂಬ ಚರ್ಚೆ ಅಲ್ಲಿಂದ ಮುಂದುವರಿಯಿತು. ನಾಣ್ಯದ ಮೇಲಿನ ಊರಿನ ಹೆಸರು ಅದನ್ನು ಟಂಕಿಸಿದ ಊರಿನ ಹೆಸರಾಗಿರಲೇಬೇಕಿಲ್ಲ ಎಂಬುದಂತೂ ದೃಢವಾಯಿತು.

ಭಾರತದ ನಿಧಿಗಳಿಗೆ ಇದೇ ವಿಧಾನವನ್ನು ಅನ್ವಯಿಸುವಾಗ ಬೇರೆ ತೊಡಕುಗಳು ಎದುರಾಗುತ್ತವೆ. 1898ರಲ್ಲಿ ಪುದುಕೋಟೆ ಸೀಮೆಯಲ್ಲಿ ದೊರೆತ 501 ಚಿನ್ನದ ನಾಣ್ಯಗಳಲ್ಲಿ ಬಹುಪಾಲಿನ ಮೇಲೆ ಚಕ್ರವರ್ತಿಯ ಮುಖಕ್ಕೆ ಉಳಿಯ ಏಟು ಬಿದ್ದಿದ್ದು, ಅಚ್ಚನ್ನು ಗುರುತಿಸಲು ನೆರವಾಗುವ ಭಾಗವೇ ಹಾಳಾಗಿದೆ. ಅಂಥಲ್ಲಿ ಹಿಂಬದಿಯೇ ಮುಖ್ಯ ಸಾಕ್ಷಿ. ಕೊಂಗುನಾಡಿನ ನಿಧಿಯೊಂದರಲ್ಲೂ ಯಶವಂತಪುರದ ನಿಧಿಯಲ್ಲೂ ಒಂದೇ ಅಚ್ಚಿನ ದಿನಾರಿಯಸ್‌ಗಳು ಕಂಡರೆ, ಟಂಕಸಾಲೆಯಿಂದ ಒಟ್ಟಿಗೆ ಹೊರಟ ಹಣ ಘಟ್ಟದ ಎರಡೂ ಕಡೆಗೆ ಹಂಚಿಹೋಯಿತೆಂದು ಊಹಿಸಲು ಆಧಾರ ಸಿಗುತ್ತದೆ. ಆದುದರಿಂದ ಇಂಥ ನಿಧಿಗಳ ಪ್ರತಿ ನಾಣ್ಯದ ಎರಡೂ ಬದಿಗಳ ಸ್ಪಷ್ಟ ಛಾಯಾಚಿತ್ರ ಅತ್ಯಗತ್ಯ. ಹಾವೇರಿ ಜಿಲ್ಲೆಯ ಅಕ್ಕಿಆಲೂರಿನ ಚಿನ್ನದ ನಿಧಿಯಲ್ಲಿ ರೋಮನ್ ನಾಣ್ಯಗಳ ಅನುಕರಣೆಗಳೂ ಸೇರಿವೆ. ಇಂಥ ಅನುಕರಣೆಗಳಲ್ಲಿ ಲ್ಯಾಟಿನ್ ಅಕ್ಷರಗಳು ಹಲವೊಮ್ಮೆ ಅರ್ಥವಿಲ್ಲದ ಗೀಟುಗಳಾಗಿರುವುದರಿಂದ, ಯಾವ ಯಾವ ನಾಣ್ಯಗಳು ಒಂದೇ ಅಕ್ಕಸಾಲೆಯಲ್ಲಿ ಹುಟ್ಟಿದವು ಎಂಬುದನ್ನು ಬರಹ ಹೇಳಲಾರದು, ಅಚ್ಚು ಹೇಳಬಲ್ಲದು.