ಮೇಣದಬತ್ತಿ ಆರಿದ ಮೇಲೆ

ಬಿ.ಇಡಿ. ಸೇರಿದ ಮೊದಲ ವಾರವೇ ನಮಗೆ ಕೊಟ್ಟ ಬರವಣಿಗೆ ‘ನನ್ನ ನೆಚ್ಚಿನ ಶಿಕ್ಷಕರು’. ತರಗತಿಯಲ್ಲಿ ಓದಿದಾಗ ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ ರೀತಿ ಇತ್ತು: ಪ್ರೀತಿಯಿಂದ ಮಾತಾಡಿಸುತ್ತಿದ್ದರು, ಮನಮುಟ್ಟುವಂತೆ ಪಾಠ ಮಾಡುತ್ತಿದ್ದರು, ಅವರಿಂದಲೇ ನಾನು ಈ ವೃತ್ತಿಗೆ ಬಂದೆ. ನನ್ನದೂ ಅಷ್ಟೇ. ಆ ಎರಡು ಪುಟದಲ್ಲಿ ಏನು ಬಿಟ್ಟುಹೋಗಿತ್ತು ಎಂಬುದು ನನಗೆ ಗೊತ್ತಾದದ್ದು ಬೋಧನಾಭ್ಯಾಸದ ಮೂರನೇ ವಾರ, ಎಂಟನೇ ತರಗತಿಯಲ್ಲಿ.

ನಾನು ಬರೆದದ್ದು ನಮ್ಮೂರಿನ ಹಿರಿಯ ಪ್ರಾಥಮಿಕ ಶಾಲೆಯ ವಿಜ್ಞಾನದ ಮೇಷ್ಟ್ರ ಬಗ್ಗೆ. ಒಂದು ಮಧ್ಯಾಹ್ನ ಅವರು ಊಟದ ತಟ್ಟೆಗೆ ನೀರು ಹಾಕಿ, ನಡುವೆ ಮೇಣದಬತ್ತಿ ಹಚ್ಚಿ ನಿಲ್ಲಿಸಿ, ಅದರ ಮೇಲೆ ಗಾಜಿನ ಲೋಟ ಬೋರಲು ಹಾಕಿದರು. ಬತ್ತಿ ಆರಿತು, ನೀರು ಲೋಟದೊಳಗೆ ಏರಿತು. “ನೋಡ್ರೋ, ಆಕ್ಸಿಜನ್ ಖರ್ಚಾಯ್ತು, ಆ ಜಾಗಕ್ಕೆ ನೀರು ಬಂತು. ಗಾಳಿಯಲ್ಲಿ ಐದನೇ ಒಂದು ಭಾಗ ಆಕ್ಸಿಜನ್ ಅನ್ನೋದಕ್ಕೆ ಇದೇ ಸಾಕ್ಷಿ” ಎಂದರು. ನಾನು ಬಿ.ಎಸ್ಸಿ.ಗೆ ಹೋಗಲು ಆ ಲೋಟವೇ ಕಾರಣ ಎಂದು ಈಗಲೂ ನಂಬಿದ್ದೇನೆ.

ಎಂಟನೇ ತರಗತಿಗೆ ದಹನದ ಪಾಠ ಬಂದಾಗ ನಾನು ಬೇರೇನೂ ಯೋಚಿಸಲಿಲ್ಲ. ಅದೇ ತಟ್ಟೆ, ಅದೇ ಲೋಟ, ಅದೇ ವಿವರಣೆ. ಪಾಠ ಯೋಜನೆಯ ‘ತೊಡಗಿಸುವಿಕೆ’ ಹಂತಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ನೀರು ಏರಿದಾಗ ಮಕ್ಕಳು ಕೂಗಿದರು, ನಾನು ಹಿಗ್ಗಿದೆ. ಆಗ ಕಿಟಕಿ ಪಕ್ಕದ ಬೆಂಚಿನ ಹುಡುಗಿ ಎದ್ದು ನಿಂತು, “ಸರ್, ನೀರು ಏರಿದ್ದು ದೀಪ ಆರಿದ ಮೇಲೆ ಅಲ್ವಾ? ಉರೀತಾ ಇದ್ದಾಗ ತಾನೇ ಆಕ್ಸಿಜನ್ ಖರ್ಚಾಗೋದು?” ಎಂದಳು.

ನನ್ನ ಬಾಯಿಂದ ತಕ್ಷಣ ಬಂದ ಉತ್ತರ: “ಕೂತ್ಕೊಳಮ್ಮ, ಅದೆಲ್ಲ ಮುಂದಿನ ಕ್ಲಾಸಲ್ಲಿ ಬರುತ್ತೆ.” ನಗುತ್ತಲೇ ಹೇಳಿದೆ. ಅವಳು ಕೂತಳು.

ಪಾಠ ಯೋಜನೆಯಲ್ಲಿ ಇಲ್ಲದ ಈ ವಾಕ್ಯವನ್ನು ವೀಕ್ಷಣೆಗೆ ಕೂತಿದ್ದ ಗೆಳತಿ ತನ್ನ ಪುಸ್ತಕದಲ್ಲಿ ಹಾಗೇ ಬರೆದುಕೊಂಡಿದ್ದಳು. ಸಂಜೆ ಅದನ್ನು ಓದಿದಾಗ ನನಗೆ ಕೇಳಿಸಿದ್ದು ನನ್ನ ದನಿಯಲ್ಲ. ಅದು ಮೇಷ್ಟ್ರ ಮಾತು. ಆ ನಗುವೂ ಅವರದೇ.

ಅಮೆರಿಕದ ಸಮಾಜಶಾಸ್ತ್ರಜ್ಞ ಡ್ಯಾನ್ ಲಾರ್ಟಿ 1975ರ ‘ಸ್ಕೂಲ್‌ಟೀಚರ್’ ಎಂಬ ಪುಸ್ತಕದಲ್ಲಿ ಇದಕ್ಕೊಂದು ಹೆಸರು ಕೊಟ್ಟಿದ್ದಾರೆ. ಕನ್ನಡದಲ್ಲಿ ಅದನ್ನು ‘ನೋಡಿ ಕಲಿತ ಕಸುಬು’ ಎನ್ನಬಹುದು. ಬೇರೆ ವೃತ್ತಿಗಳಿಗೆ ಸೇರುವವರು ಆ ಕೆಲಸವನ್ನು ಹತ್ತಿರದಿಂದ ನೋಡಿರುವುದು ಕಡಿಮೆ. ಶಿಕ್ಷಕರಾಗುವವರು ಮಾತ್ರ ಬಾಲ್ಯವಿಡೀ ಅದನ್ನೇ ನೋಡಿರುತ್ತಾರೆ. ಅಲ್ಲಿನ ವಿದ್ಯಾರ್ಥಿ ಪ್ರೌಢಶಿಕ್ಷಣ ಮುಗಿಸುವಷ್ಟರಲ್ಲಿ ಸುಮಾರು 13,000 ಗಂಟೆ ಶಿಕ್ಷಕರ ಎದುರು ಕಳೆದಿರುತ್ತಾನೆ ಎಂಬುದು ಅವರ ಅಂದಾಜು. ನಮ್ಮ ಲೆಕ್ಕವನ್ನೂ ಹಾಕಬಹುದು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ ಕನಿಷ್ಠ 800 ಬೋಧನಾ ಗಂಟೆ, ಆರರಿಂದ ಎಂಟಕ್ಕೆ 1,000. ಎಂಟನೇ ತರಗತಿ ಮುಗಿಯುವಾಗಲೇ 7,000 ಗಂಟೆ! ಎರಡು ವರ್ಷದ ಬಿ.ಇಡಿ.ಯಲ್ಲಿ ಶಾಲಾ ಅನುಭವಕ್ಕೆ ಸಿಗುವುದು 20 ವಾರ. ಇಕ್ಕಟ್ಟಿನಲ್ಲಿ ಸಿಕ್ಕಿದಾಗ ಯಾವುದು ಬಾಯಿಗೆ ಬರುತ್ತದೆ ಎಂಬುದರಲ್ಲಿ ಅಚ್ಚರಿಯಿಲ್ಲ.

ಲಾರ್ಟಿ ಹೇಳುವ ಇನ್ನೊಂದು ಮಾತು ನನಗೆ ಹೆಚ್ಚು ನಾಟಿತು. ವಿದ್ಯಾರ್ಥಿಗೆ ಕಾಣುವುದು ಶಿಕ್ಷಕರು ರಂಗದ ಮೇಲೆ ಮಾಡಿದ್ದು ಮಾತ್ರ. ಅವರು ಏಕೆ ಹಾಗೆ ಮಾಡಿದರು, ಮೊದಲು ಏನು ಯೋಚಿಸಿದ್ದರು ಎಂಬುದು ಪರದೆಯ ಹಿಂದೆ ಉಳಿಯುತ್ತದೆ.

ಮೊದಲು ಪ್ರಯೋಗದ ವಿಷಯ. ಕಾಲೇಜಿನ ಪ್ರಯೋಗಾಲಯದಲ್ಲಿ ನಾವು ನಾಲ್ವರು ಕೂತು ಹತ್ತಾರು ಸಲ ಮಾಡಿ ನೋಡಿದೆವು. ಹುಡುಗಿ ಹೇಳಿದ್ದೇ ಸರಿ. ಉರಿಯುವಾಗ ನೀರು ಹೆಚ್ಚು ಕದಲುವುದಿಲ್ಲ, ಆರಿದ ಕೂಡಲೇ ಸರ್ರನೆ ಏರುತ್ತದೆ. ಮೂರು ಬತ್ತಿ ಇಟ್ಟರೆ ಇನ್ನೂ ಮೇಲಕ್ಕೆ ಏರುತ್ತದೆ. ಲೋಟದಲ್ಲಿ ಇರುವ ಆಕ್ಸಿಜನ್ ಅಷ್ಟೇ ಅಲ್ಲವೇ? ಮುಖ್ಯ ಕಾರಣ ಶಾಖ. ಲೋಟ ಇಳಿಸುವಾಗ ಜ್ವಾಲೆಯಿಂದ ಬಿಸಿಯಾದ ಗಾಳಿ ಹಿಗ್ಗಿ ಸ್ವಲ್ಪ ಹೊರಗೆ ಹೋಗುತ್ತದೆ. ಅಂಚಿನಲ್ಲಿ ಗುಳ್ಳೆಗಳೂ ಕಾಣುತ್ತವೆ. ಬತ್ತಿ ಆರಿದಾಗ ಉಳಿದ ಗಾಳಿ ತಣ್ಣಗಾಗಿ ಕುಗ್ಗುತ್ತದೆ, ನೀರಾವಿ ಹನಿಗಟ್ಟುತ್ತದೆ, ಹೊರಗಿನ ವಾಯುಒತ್ತಡ ನೀರನ್ನು ಒಳಕ್ಕೆ ತಳ್ಳುತ್ತದೆ. ಆಕ್ಸಿಜನ್ ಖರ್ಚಾಗುವುದು ನಿಜ, ಆದರೆ ಪೂರ್ತಿ ಅಲ್ಲ. ಅದು ಸಾಕಷ್ಟು ಉಳಿದಿರುವಾಗಲೇ ಬತ್ತಿ ಆರುತ್ತದೆ. ಖರ್ಚಾದದ್ದರ ಸುಮಾರು ಮೂರನೇ ಎರಡರಷ್ಟು ಗಾತ್ರದ ಕಾರ್ಬನ್ ಡೈಆಕ್ಸೈಡ್ ಆ ಜಾಗ ತುಂಬುತ್ತದೆ, ಅದು ನೀರಿನಲ್ಲಿ ಅಷ್ಟು ಬೇಗ ಕರಗುವುದೂ ಇಲ್ಲ. ಐದನೇ ಒಂದು ಭಾಗಕ್ಕೆ ನೀರು ಏರಿದರೆ ಅದು ಕಾಕತಾಳೀಯ.

ಬಿ.ಎಸ್ಸಿ.ಯಲ್ಲಿ ಅನಿಲ ನಿಯಮಗಳ ಲೆಕ್ಕ ಎಷ್ಟೋ ಬಿಡಿಸಿದ್ದ ನಾನು ಇದನ್ನು ಒಮ್ಮೆಯೂ ಅನುಮಾನಿಸಿರಲಿಲ್ಲ. ಪ್ರೀತಿಯಿಂದ ಕಲಿತದ್ದನ್ನು ಪರೀಕ್ಷಿಸಬೇಕು ಎಂದು ಯಾರಿಗೆ ತಾನೇ ಅನ್ನಿಸುತ್ತದೆ?

ಭಾನುವಾರ ಮೇಷ್ಟ್ರಿಗೆ ಫೋನ್ ಮಾಡಿದೆ. ನಿವೃತ್ತರಾಗಿ ತೋಟ ನೋಡಿಕೊಳ್ಳುತ್ತಿದ್ದಾರೆ. ಅಳುಕುತ್ತಲೇ ವಿಷಯ ಹೇಳಿದೆ. “ಹೌದೇನೋ? ನಾನು ಟಿ.ಸಿ.ಎಚ್.ನಲ್ಲಿ ಕಲಿತಿದ್ದೇ ಹಂಗೆ. ಇನ್ನೊಂದ್ಸಲ ಮಾಡಿ ನೋಡ್ತೀನಿ ಇರು” ಎಂದರು. ಮುಂದಿನ ಕ್ಲಾಸಿನ ಮಾತನ್ನೂ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಆರು, ಏಳು ಎರಡೂ ಒಂದೇ ಕೋಣೇಲಿ ಕೂರಿಸ್ಕೊಂಡಿದ್ದೆ ಕಣಪ್ಪ. ಗೊತ್ತಿದ್ದರೆ ಹೇಳ್ತಿದ್ದೆ. ಗೊತ್ತಿಲ್ಲ ಅನ್ನೋಕೆ ಆಗ ಧೈರ್ಯ ಇರಲಿಲ್ಲ” ಎಂದರು. ಇದೇ ಪರದೆಯ ಹಿಂದಿನದು. ನಾನು ಇಷ್ಟು ವರ್ಷ ಅದನ್ನು ಮೇಷ್ಟ್ರ ತಮಾಷೆ ಎಂದುಕೊಂಡಿದ್ದೆ.

ಅದೇ ಶಾಲೆಯಲ್ಲಿ ನನ್ನ ಜೊತೆ ಓದಿ ಎಂಟಕ್ಕೇ ಬಿಟ್ಟ ಗೆಳೆಯ ಈಗ ಗ್ಯಾರೇಜ್ ಇಟ್ಟಿದ್ದಾನೆ. ಅವನನ್ನೂ ಕೇಳಿದೆ. “ನೀನು ಮುಂದಿನ ಬೆಂಚು, ನಿನಗೆ ಚೆನ್ನಾಗಿತ್ತು ಬಿಡು. ನಾನು ಎರಡು ಸಲ ಕೂತ್ಕೋ ಅನ್ನಿಸ್ಕೊಂಡೆ, ಮೂರನೇ ಸಲ ಏಳಲೇ ಇಲ್ಲ” ಎಂದ. ಶಿಕ್ಷಕರಾಗಲು ಬರುವವರು ಬಹುಪಾಲು ಶಾಲೆ ಒಗ್ಗಿದವರೇ. ನಮ್ಮ ನೆಚ್ಚಿನ ಶಿಕ್ಷಕರ ನೆನಪುಗಳಲ್ಲಿ ಒಗ್ಗದವರ ಸಾಕ್ಷಿ ಇರುವುದಿಲ್ಲ. ಹೀಗಾಗಿ ಆ ಬರವಣಿಗೆಯನ್ನು ಕೈಬಿಡಬೇಕೆಂದು ನಾನು ಹೇಳುವುದಿಲ್ಲ. ಬೋಧನಾಭ್ಯಾಸ ಮುಗಿದ ಮೇಲೆ ಇನ್ನೊಮ್ಮೆ ಬರೆಸಬೇಕು. ಆಗ ‘ಪ್ರೀತಿಯಿಂದ ಕಲಿಸಿದರು’ ಎಂಬಲ್ಲಿಗೆ ನಿಲ್ಲದೆ, ಪ್ರಶ್ನೆ ಬಂದಾಗ ಅವರು ಏನು ಮಾಡಿದರು, ಯಾರನ್ನು ಕೂರಿಸಿದರು ಎಂದು ಬರೆಯಬೇಕಾಗುತ್ತದೆ.

ಮಂಗಳವಾರ ಅದೇ ತರಗತಿಗೆ ಹೋಗಿ, “ಮೊನ್ನೆ ನಾನು ಹೇಳಿದ್ದು ತಪ್ಪು” ಎಂದೆ. ಗಂಟಲು ಒಣಗಿತ್ತು. ಗಾಜಿನ ಬಾಟಲಿಯನ್ನು ಬಿಸಿನೀರಿನಲ್ಲಿ ಜಾಲಿಸಿ, ಖಾಲಿ ಮಾಡಿ, ತಣ್ಣೀರಿನ ತಟ್ಟೆಯಲ್ಲಿ ಬೋರಲಿಟ್ಟೆ. ಮೇಣದಬತ್ತಿಯೇ ಇಲ್ಲದೆ ನೀರು ಮೇಲೇರಿತು. ಮಕ್ಕಳು ಗುಂಪಾಗಿ ಬಂದು ತಾವೇ ಮಾಡತೊಡಗಿದರು. ಕಿಟಕಿ ಪಕ್ಕದವಳು ಮತ್ತೆ ಎದ್ದಳು: “ಹಂಗಾದ್ರೆ ಒಳಗೆ ಎಷ್ಟು ಆಕ್ಸಿಜನ್ ಉಳಿದಿದೆ ಅಂತ ಹೆಂಗೆ ಅಳೆಯೋದು ಸರ್?”

“ಗೊತ್ತಿಲ್ಲಮ್ಮ, ಹುಡುಕೋಣ” ಎಂದು ಪ್ರಶ್ನೆಯನ್ನು ಬೋರ್ಡಿನ ಮೂಲೆಯಲ್ಲಿ ಬರೆದೆ. ಅಷ್ಟರಲ್ಲಿ ಗಂಟೆ ಹೊಡೆಯಿತು. ‘ಮೌಲ್ಯಮಾಪನ ಹಂತ ಪೂರ್ಣಗೊಂಡಿಲ್ಲ’ ಎಂದು ಮಾರ್ಗದರ್ಶಕರು ಷರಾ ಬರೆದಿದ್ದಾರೆ. ಅದೂ ಸರಿಯೇ.