‘ಹ್ಯಾವ್’ ಎಂಬ ಕ್ರಿಯಾಪದವೂ ನಮ್ಮ ‘ಇರು’ ಧಾತುವೂ

‘ನನಗೆ ಇಬ್ಬರು ಅಣ್ಣಂದಿರಿದ್ದಾರೆ’ ಎಂಬ ವಾಕ್ಯವನ್ನು ಇಂಗ್ಲಿಷಿನಲ್ಲಿ ಬರೆಯಹೇಳಿದರೆ, ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರು ‘ಟು ಮಿ ಟೂ ಬ್ರದರ್ಸ್ ಆರ್’ ಎಂದು ಬರೆಯುತ್ತಾರೆ. ಇದನ್ನು ಕಂಡ ಪಾಲಕರು, ಕನ್ನಡದಲ್ಲಿ ಓದಿಸಿದ್ದರಿಂದಲೇ ಮಗುವು ಹಿಂದುಳಿಯಿತೆಂದು ಚಿಂತಿಸಿ ಬೇರೆ ಮಾಧ್ಯಮದ ಶಾಲೆಯನ್ನು ಹುಡುಕತೊಡಗುವುದುಂಟು. ಈ ತಪ್ಪಿಗೆ ಬುದ್ಧಿಮಾಂದ್ಯವು ಕಾರಣವಲ್ಲವೆಂದು ತೋರಿಸುವುದೇ ನಮ್ಮ ಉದ್ದೇಶ.

ಇಂಗ್ಲಿಷಿನ ‘ಹ್ಯಾವ್’ ಎಂಬುದರ ಪ್ರಾಚೀನ ಅರ್ಥ ‘ಹಿಡಿ’. ಆದುದರಿಂದ ಅಲ್ಲಿ ಉಳ್ಳವನು ಕರ್ತೃ, ವಸ್ತುವು ಕರ್ಮ. ನಮ್ಮಲ್ಲಿಯಾದರೋ ವಸ್ತುವೇ ಕರ್ತೃ. ಉಳ್ಳವನು ‘ನನಗೆ’ ಎಂಬ ಚತುರ್ಥೀ ವಿಭಕ್ತಿಯಲ್ಲಿರುತ್ತಾನೆ. ‘ಹೊಂದಿದ್ದೇನೆ’ ಎಂಬ ಪದವಿಲ್ಲವೇ ಎಂದು ಕೇಳಬಹುದು. ಅದು ಬರವಣಿಗೆಯ ಮಾತು. ‘ಇಬ್ಬರು ಅಣ್ಣಂದಿರನ್ನು ಹೊಂದಿದ್ದೇನೆ’ ಎಂದು ಮನೆಯಲ್ಲಿ ಯಾರೂ ನುಡಿಯುವುದಿಲ್ಲ.

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಗದ್ವಾಲವು ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟಿತು. ಅಲ್ಲಿಯೂ ನಾರಾಯಣಪೇಟೆ, ಮಕ್ತಲ್‌ಗಳಲ್ಲಿಯೂ ಕನ್ನಡ ಮನೆಗಳ ಮಕ್ಕಳು ಪೇಟೆಯಲ್ಲಿ ತೆಲುಗು, ಉರ್ದು ಮಾತುಗಳನ್ನು ಕೇಳಿಯೇ ಬೆಳೆಯುತ್ತಾರೆ. ತೆಲುಗಿನಲ್ಲಿ ‘ನಾಕು ಇದ್ದರು ಅನ್ನಲು ಉನ್ನಾರು’. ಉರ್ದುವಿನಲ್ಲಿ ‘ಮೇರೆ ದೋ ಭಾಯಿ ಹೈಂ’. ಎರಡರಲ್ಲಿಯೂ ‘ಹ್ಯಾವ್’ ಇಲ್ಲ. ‘ಇರು’ ಎಂಬರ್ಥದ ಕ್ರಿಯಾಪದವೇ ಇದೆ. ಹೀಗಿರಲು ತೆಲುಗು ಅಥವಾ ಉರ್ದು ಮಾಧ್ಯಮದ ಮಗುವಿಗೂ ಇದೇ ತೊಡಕು ತಪ್ಪದು. ರಷ್ಯನ್ ಭಾಷೆಯವರೂ ಸಾಮಾನ್ಯವಾಗಿ ‘ನನ್ನ ಬಳಿ ಇದೆ’ ಎಂಬ ರೀತಿಯಲ್ಲಿಯೇ ಹೇಳುತ್ತಾರೆ.

ಇನ್ನು ಬಳಕೆ. ‘ನನ್ನ ಹತ್ತಿರ ಹತ್ತು ರೂಪಾಯಿ ಇದೆ’, ‘ಮನೆಗೆ ಎರಡು ಬಾಗಿಲುಗಳಿವೆ’, ‘ನನಗೆ ಜ್ವರ ಬಂದಿದೆ’ ಎಂಬ ಮೂರಕ್ಕೂ ಇಂಗ್ಲಿಷಿನಲ್ಲಿ ‘ಹ್ಯಾವ್’ ಅಥವಾ ‘ಹ್ಯಾಸ್’ ಸಲ್ಲುತ್ತದೆ. ರಜೆಯ ಅರ್ಜಿಯಲ್ಲಿ ಬಾಯಿಪಾಠದ ಉದ್ದ ವಾಕ್ಯವೇಕೆ? ‘ಐ ಹ್ಯಾವ್ ಎ ಫೀವರ್’ ಎಂದರೆ ಸಾಕು.

ವಿಶೇಷವೇನೆಂದರೆ, ‘ಬರೆದಿದ್ದೇನೆ’ ಎಂಬುದನ್ನು ಬಿಡಿಸಿದರೆ ‘ಬರೆದು’, ‘ಇದ್ದೇನೆ’ ಎಂದಾಗುತ್ತದೆ. ಇಂಗ್ಲಿಷಿನಲ್ಲಿ ‘ಐ ಹ್ಯಾವ್ ರಿಟನ್’. ಅಂದರೆ ನಾವು ‘ಇರು’ ಧಾತುವಿನಿಂದ ಮಾಡಿಕೊಳ್ಳುವ ಈ ಕೆಲಸವನ್ನೂ ಅವರು ‘ಹ್ಯಾವ್’ ಪದಕ್ಕೆ ವಹಿಸಿದ್ದಾರೆ. ಇದನ್ನು ತಿಳಿದ ಮಗುವಿಗೆ ವ್ಯಾಕರಣದ ಒಂದು ಅಧ್ಯಾಯವೇ ಹಗುರವಾಗುತ್ತದೆ. ‘ಐ ಹ್ಯಾವ್ ಟು ಗೋ’ ಎಂದರೆ ಮಾತ್ರ ‘ನಾನು ಹೋಗಬೇಕಾಗಿದೆ’ ಎಂದರ್ಥ. ಇಲ್ಲಿ ಉಳ್ಳದ್ದು ವಸ್ತುವಲ್ಲ, ಕರ್ತವ್ಯ.

ವಿದ್ಯಾವಂತರೂ ಎಡವುವ ಸ್ಥಳವೊಂದಿದೆ. ‘ಐ ಆ್ಯಮ್ ಹ್ಯಾವಿಂಗ್ ಟೂ ಬ್ರದರ್ಸ್’ ಎಂಬುದು ಅಶುದ್ಧ. ಅಣ್ಣಂದಿರಿರುವುದು ನಡೆಯುತ್ತಿರುವ ಕ್ರಿಯೆಯಲ್ಲ. ‘ಐ ಆ್ಯಮ್ ಹ್ಯಾವಿಂಗ್ ಲಂಚ್’ ಎಂಬುದಾದರೋ ಶುದ್ಧವೇ. ಅಲ್ಲಿ ‘ಹ್ಯಾವ್’ ಎಂದರೆ ಉಣ್ಣುವುದು.